ರಾಟಾ ಕೇಳಲಿಲ್ಲ, ನಾನೂ ಕೇಳಲಿಲ್ಲ

ಕಥೆ ಹೇಳುತ್ತಿರುವ ಮೆರೆ ನನ್ನ ತಲೆಯನ್ನೇ ನೋಡುತ್ತಿದ್ದಾಳೆಯೇ, ಇಲ್ಲ, ಮಕ್ಕಳನ್ನು ನೋಡಿದಳು — ನೋಡದೆ ಏನು, ಅಮ್ಮಂದಿರ ಸಾಲಿನಲ್ಲಿ ನನ್ನ ಜಡೆಯಲ್ಲೊಂದೇ ಕೆಂಪು ಹೂವು, ಅದೂ ಅವಳದೇ ಅಂಗಳದ ಕೆಮೀಲಿಯಾ, ದೇವರಿಗೆ ಏರಿಸಿ ಮುಡಿದದ್ದು, ಮುಡಿದದ್ದನ್ನೇ ಮರೆತು ಬಂದೆ. ಇಸ್ಸಾಕ್ವಾದ ಲೈಬ್ರರಿಯಲ್ಲಿ ಇವತ್ತು ನಾನು ಕಥೆ ಹೇಳ್ತೀನಿ, ಮಗಳನ್ನ ಕರ್ಕೊಂಡು ಬಾ ವಸಂತಾ, ಎಂದು ಕರೆದಿದ್ದವಳೂ ಅವಳೇ, ನ್ಯೂಜಿಲೆಂಡಿನ ಮಾವೊರಿ ಜನಾಂಗದವಳು, ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆ. ರಾಟಾ ಅಂತ ಒಬ್ಬ ವೀರ, ಅಪ್ಪನನ್ನು ಕೊಂದವರ ಮೇಲೆ ಹೋಗಲು ದೋಣಿ ಬೇಕಿತ್ತು, ದೊಡ್ಡ ಮರ ಕಡಿದ, ಕಾಡನ್ನು ಕೇಳಲೇ ಇಲ್ಲ. ಮರುದಿನ ಬಂದರೆ ಮರ ಎದ್ದು ನಿಂತಿದೆ, ಹಕ್ಕಿ ಹುಳುಗಳೆಲ್ಲ ಚಕ್ಕೆ ಚಕ್ಕೆ ಆಯ್ದು ಕೂಡಿಸಿಬಿಟ್ಟಿವೆ. ಕೇಳೋದೇನೇ, ದೇವರಿಗೆ ತಾನೇ, ಎನ್ನುತ್ತ ಮೈಸೂರಿನಲ್ಲಿ ಅಜ್ಜಿ ಚಿಕ್ಕತಾಯಮ್ಮ ಕೊಕ್ಕೆಕೋಲು ಹಿಡಿದು ಬೀದಿಯ ಕಾಂಪೌಂಡುಗಳೆಲ್ಲ ತನ್ನವೇ ಎಂಬಂತೆ ಕೊಂಬೆ ಎಳೆಯುತ್ತಿದ್ದಳು, ಬುಟ್ಟಿ ಸರಿಯಾಗಿ ಹಿಡಿಯೇ ಕತ್ತೆ, ಯಾರಾದ್ರೂ ಬಂದ್ರೆ ನಕ್ಕುಬಿಡು — ನಕ್ಕೆ ನಾನೂ, ಹೂವೆಲ್ಲ ಹೋಗ್ತಿದೆ, ಜಿಂಕೆ ಬರುತ್ತೇನೋ ಎಂದು ಮೆರೆ ಬೇಲಿಯ ಹತ್ತಿರ ಕೇಳಿದಾಗ ನಕ್ಕು, ಹೌದು ಹೌದು, ಜಿಂಕೆನೇ, ನಾನೇ ನೋಡಿದೆ, ಜೊತೆಗೆ ಎರಡು ಮರಿ ಬೇರೆ, ಎಂದೆ, ಆ ಮರಿಗಳನ್ನು ಯಾಕೆ ಸೇರಿಸಿದೆನೋ! ಕೇಳಿದ್ರೆ ಬುಟ್ಟಿ ತುಂಬಾ ಕೊಡ್ತಿದ್ರಲ್ಲೇ ಎಂದರು ಗುರುಪ್ರಸಾದ್, ಗಂಡನ ಮಾತು ಸರಿಯಾಗಿದ್ದಾಗ ಮೈ ಇನ್ನೂ ಹೆಚ್ಚು ಉರಿಯುತ್ತದೆ. ಎಪ್ಪತ್ತು ವರ್ಷದ ಮೆರೆ ಒದ್ದೆ ಮಣ್ಣಿನಲ್ಲಿ ಮಂಡಿಯೂರಿ ಗಿಡಕ್ಕೆ ಹಸಿರು ಬಲೆ ಕಟ್ಟಿದಳು, ಇಲ್ಲದ ಜಿಂಕೆಗೆ ಬಲೆ, ಒಂದು ತುದಿ ಹಿಡಿದುಕೊಟ್ಟವಳು ನಾನೇ, ನೀನಿದ್ದಿದ್ದು ಒಳ್ಳೇದಾಯ್ತು ವಸಂತಾ ಎಂದಳು, ಬಲೆಯ ಕಣ್ಣು ಸಣ್ಣದು, ಆದರೂ ಇವತ್ತು ಬೆಳಿಗ್ಗೆ ಎರಡು ಬೆರಳು ತೂರಿಸಿ — ಬೇಡ, ನೆನೆಯುವುದೇ ಬೇಡ. ಆಮೇಲೆ ರಾಟಾ ಏನಂದ, ಒಂದು ಮಗು. ಏನೂ ಅನ್ನಲಿಲ್ಲ ಪುಟ್ಟಾ, ಎಂದಳು ಮೆರೆ, ನಾಚಿಕೆಯಿಂದ ತಲೆ ತಗ್ಗಿಸಿ ನಿಂತ, ಕಾಡಿಗೆ ಅಷ್ಟೇ ಸಾಕಾಯಿತು, ದೋಣಿಯನ್ನು ತಾನೇ ಕಟ್ಟಿಕೊಟ್ಟಿತು. ಮೈತ್ರಿ ತಿರುಗಿ ನನ್ನನ್ನು ನೋಡುತ್ತಾಳೆ, ಏಳು ವರ್ಷದ ನನ್ನ ಮಗಳು, ಬೆಳಿಗ್ಗೆ ಕಿಟಕಿಯಲ್ಲಿ ನಿಂತಿದ್ದಳು, ಕಂಡಿದ್ದಾಳೆ, ಅಮ್ಮಾ, ದಟ್ಸ್ ಲೈಕ್ ಯೂ, ಎಷ್ಟು ಗಟ್ಟಿಯಾಗಿ, ಕೋಣೆಗೆಲ್ಲ ಕೇಳಿಸುವಂತೆ, ಈಗ ಮೆರೆಯೂ ನೋಡುತ್ತಿದ್ದಾಳೆ, ಹೇಳಿಬಿಡು, ಜಿಂಕೆ ಅಲ್ಲ ಮೆರೆ, ನಾನು, ಎರಡೇ ಮಾತು, ತಲೆ ತಗ್ಗಿಸುತ್ತೇನೆ, ರಾಟಾನಿಗೆ ಅಷ್ಟು ಸಾಕಾಯಿತಲ್ಲ — ತಗ್ಗಿಸಿದೊಡನೆ ಗೊತ್ತಾಗುತ್ತದೆ, ಹೂವನ್ನೇ ಅವಳ ಮುಂದೆ ಹಿಡಿದಿದ್ದೇನೆ, ಇನ್ನು ತಲೆ ಎತ್ತುವುದು ಹೇಗೆ, ನೆಲದ ಕಾರ್ಪೆಟ್ಟೂ ಕಾಣುತ್ತಿಲ್ಲ, ಕಾಣುವುದು ಬಲೆ, ನಾನೇ ತುದಿ ಹಿಡಿದು ಕಟ್ಟಿಸಿದ ಹಸಿರು ಬಲೆ, ಅದರ ಸಣ್ಣ ಕಣ್ಣಿನೊಳಗೆ ನನ್ನ ಎರಡು ಬೆರಳು, ಎರಡು ಬೆರಳು