ಮೇಷ್ಟ್ರ ಮೇಜು

ಮೇಷ್ಟ್ರು ಹೆಗಲಿನ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತರು. ಇವತ್ತೂ ಯಾರೋ ಅವರ ಮೇಜು ಜೋಡಿಸಿದ್ದರು. ನಿನ್ನೆ ಸಂಜೆ ಗುಡ್ಡೆ ಹಾಕಿ ಹೋಗಿದ್ದ ಕರಡಿನ ಹಾಳೆಗಳು ಅಂಚಿಗೆ ಅಂಚು ಕೂಡಿ ಕೂತಿದ್ದವು. ಕೆಂಪು ಪೆನ್ನುಗಳೆಲ್ಲ ಲೋಟ ಸೇರಿದ್ದವು. ಚಹಾ ಚೆಲ್ಲಿದ ಕಲೆಯನ್ನೂ ಉಜ್ಜಿ ತೆಗೆದಿದ್ದರು. ಈ ವಾರದಲ್ಲಿ ಇದು ಮೂರನೆಯ ಸಲ.

ಇಪ್ಪತ್ತಾರು ವರ್ಷ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದಿದವರಿಗೆ ಮೇಷ್ಟ್ರು ಎಂಬ ಹೆಸರು ತಾನಾಗಿ ಅಂಟಿಕೊಂಡಿತ್ತು. ಮೇಜು ನೋಡಿದವರು ಮಾತ್ರ ಮೂಗು ಮುರಿಯುತ್ತಿದ್ದರು. ಆದರೆ ಆ ಗಲೀಜಿಗೂ ಒಂದು ಕ್ರಮವಿತ್ತು. ಎಡಗಡೆಯ ರಾಶಿ ಓದಬೇಕಾದದ್ದು, ಬಲಗಡೆಯದು ಓದಿ ಸಹಿ ಹಾಕಿದ್ದು, ನಿಘಂಟಿನ ಕೆಳಗೆ ತುರುಕಿದ್ದು ಅನುಮಾನದ್ದು. ಇತ್ತೀಚೆಗೆ ನಿಘಂಟಿನ ಕೆಳಗಿನದೇ ಬೆಳೆಯುತ್ತಿತ್ತು. ಕಣ್ಣಿನ ಒಳಪರದೆ ಸವೆದಿದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಹೆಂಡತಿಗೆ ಬಿಟ್ಟು ಯಾರಿಗೂ ಅವರು ಹೇಳಿರಲಿಲ್ಲ. ಕಣ್ಣು ಕಾಣದವನಿಂದ ಕರಡು ತಿದ್ದಿಸುವ ಮಾಲೀಕ ಎಲ್ಲಿದ್ದಾನೆ?

ಮೇಜಿನ ವಿಷಯ ಕೇಳಿ ಹೆಂಡತಿ ನಕ್ಕಿದ್ದಳು. "ಏನ್ರೀ, ಮನೇಲಿ ದಿನಾ ನಿಮ್ ಸಾಮಾನು ಎತ್ತಿಡೋಳು ನಾನು. ನನ್ ಮೇಲೂ ಅನುಮಾನಾನಾ?"

"ನೀನು ಎತ್ತಿಟ್ಟಿದ್ದು ಸಿಗೋದೇ ಇಲ್ಲ. ಅದು ಬೇರೆ ವಿಷಯ."

"ಸುಮ್ನೆ ಮಾಲೀಕ್ರಿಗೆ ಹೇಳ್ಬಿಡಿ. ಮುಚ್ಚಿಟ್ಟು ಮುಚ್ಚಿಟ್ಟು ಸೊರಗಿಹೋಗಿದೀರ."

ಹೇಳುವುದಂತೆ! ಮೇಷ್ಟ್ರಿಗೆ ಕಳ್ಳಿ ಯಾರೆಂದು ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಸೇರಿದ, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಹೆಂಗಸು. ಅವಳ ಮೇಜಿನ ಮೇಲೆ ಒಂದು ಗುಂಡುಪಿನ್ನೂ ಆಚೀಚೆ ಆಗುತ್ತಿರಲಿಲ್ಲ. ಮಾತು ಕಡಿಮೆ, ಕಣ್ಣು ಜಾಸ್ತಿ. ಸೋಮವಾರ ಮಾಲೀಕರ ಕೋಣೆಯಿಂದ ಹಾಳೆಗಳನ್ನು ಎದೆಗವಚಿಕೊಂಡು ಬರುತ್ತಿದ್ದವಳು ಇವರನ್ನು ಕಂಡದ್ದೇ ಹಾಳೆಗಳನ್ನು ಮಗುಚಿ ಹಿಡಿದಿದ್ದಳು. ಅಷ್ಟು ಸಾಕಾಗಿತ್ತು. ನನ್ನ ತಪ್ಪುಗಳನ್ನು ಒಂದೊಂದಾಗಿ ಹೆಕ್ಕಿ ಮಾಲೀಕರಿಗೆ ಒಪ್ಪಿಸುತ್ತಿದ್ದಾಳೆ, ಅವಳ ಕಣ್ಣು ಇರುವುದು ನನ್ನ ಕುರ್ಚಿಯ ಮೇಲೆ ಎಂದು ಅವರು ತೀರ್ಮಾನಿಸಿಬಿಟ್ಟರು.

ಅವತ್ತು ಸಂಜೆ ಐದಕ್ಕೆ, "ಹೊರಟೆ ನಾನು!" ಎಂದು ಗಟ್ಟಿಯಾಗಿ ಸಾರಿದರು. ಎಂದೂ ಹೇಳಿ ಹೋಗದವರು ಹೀಗೆ ಸಾರಿದ್ದಕ್ಕೆ ಅಚ್ಚಿನ ಮಿಷನ್ನಿನವನು ತಲೆಯೆತ್ತಿ ನೋಡಿದ. ಮೇಷ್ಟ್ರು ಬೀದಿಯ ತಿರುವಿನವರೆಗೆ ಹೋಗಿ, ಹಿಂಬಾಗಿಲಿನಿಂದ ಒಳಬಂದು ಕಾಗದದ ಬಂಡಲುಗಳ ಮರೆಯಲ್ಲಿ ನಿಂತರು. ಮೊಣಕಾಲು ನೋಯುತ್ತಿತ್ತು. ಈ ವಯಸ್ಸಿನಲ್ಲಿ ಇದೇನು ಪತ್ತೇದಾರಿ ಎಂದು ತಮಗೇ ನಗು ಬಂತು. ಅಷ್ಟರಲ್ಲಿ ಅವಳು ಬಂದಳು.

ಬಂದವಳು ಸೀದಾ ಅವರ ಕುರ್ಚಿಯಲ್ಲೇ ಕೂತಳು. ಸಹಿಯಾದ ರಾಶಿಯನ್ನು ಎಳೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಸ್ವಲ್ಪ ಹೊತ್ತಿಗೆ ಕೆಂಪು ಪೆನ್ನು ತೆಗೆದಳು.

"ಸಿಕ್ಕಿಬಿದ್ಯಲ್ಲಮ್ಮಾ!"

ಅವಳು ದಡಬಡನೆ ಎದ್ದಳು. ಮೇಷ್ಟ್ರು ಹಾಳೆ ಕಿತ್ತುಕೊಂಡರು. ಯಾವುದೋ ಶಾಲೆಯ ಸ್ಮರಣ ಸಂಚಿಕೆ. ಕೆಳಗೆ 'ಸರಿಯಿದೆ' ಎಂದು ಅವರದೇ ಸಹಿ. ಹಾಳೆಯನ್ನು ಓರೆ ಮಾಡಿ ಮೂಗಿನವರೆಗೆ ತಂದಾಗ ಗುಂಪು ಫೋಟೋದ ಅಡಿಯ ಸಾಲು ಕಂಡಿತು: 'ಮದ್ಯದಲ್ಲಿ ಮುಖ್ಯೋಪಾಧ್ಯಾಯರು.'

ಧಕಾರದ ಹೊಟ್ಟೆ ಸೀಳಿರಲಿಲ್ಲ. ಅಷ್ಟಕ್ಕೇ ಪಾಪದ ಹೆಡ್ಮಾಸ್ತರು ಹೆಂಡದಲ್ಲಿ ಮುಳುಗಿದ್ದರು. ಪಕ್ಕದ ಅಂಚಿನಲ್ಲಿ ಕೆಂಪು ಶಾಯಿಯ 'ಧ್ಯ' ಇನ್ನೂ ಹಸಿಯಾಗಿತ್ತು. ಅದರ ಬಾಲದ ಕೊಕ್ಕೆ ಮೇಷ್ಟ್ರ ಕೊಕ್ಕೆಯೇ. ತಾನೇ ಬರೆದದ್ದೆಂದು ಆಣೆ ಮಾಡಬಹುದಿತ್ತು.

"ನನ್ನ ಕೈಬರಹ ಯಾಕೆ ಕದ್ದೆ?"

"ಬೇರೆ ಕೈ ಇದ್ರೆ ಎಲ್ರಿಗೂ ಗೊತ್ತಾಗತ್ತಲ್ಲ, ಮೇಷ್ಟ್ರೇ."

"ಮಾಲೀಕ್ರ ಹತ್ರ ಏನೇನು ಚಾಡಿ ಹೇಳಿದೀಯ?"

"ನಾನೇನೂ ಹೇಳಿಲ್ಲ. ನನ್ನ ಕೆಲಸಕ್ಕೆ ತಗೊಂಡ ದಿನಾನೇ ಅವರು ಹೇಳಿದ್ರು. ಮೇಷ್ಟ್ರು ಬಿಟ್ಟಿದ್ದನ್ನ ನೀನು ನೋಡ್ಕೋಬೇಕು, ಅವರಿಗೆ ಮಾತ್ರ ಗೊತ್ತಾಗ್ಬಾರ್ದು ಅಂತ." ಅವಳು ತಲೆ ತಗ್ಗಿಸಿದಳು. "ಮೊದ್ಲು ಎರಡೋ ಮೂರೋ ಇರ್ತಿತ್ತು. ಈ ವಾರ ತುಂಬಾ ಇತ್ತು. ಆ ಗುಡ್ಡೇಲಿ ಹಾಳೆ ಸಿಗ್ತಿರ್ಲಿಲ್ಲ, ಜೋಡಿಸ್ಕೊಂಡೆ. ಜೋಡಿಸಿದ್ಮೇಲೆ ಮತ್ತೆ ಕೆದರಿ ಹೋಗೋಕೆ ಕೈ ಬರ್ಲಿಲ್ಲ."

"ಇನ್ನೂ ಯಾರ್ಯಾರಿಗೆ ಗೊತ್ತು?"

ಅವಳು ಬಾಗಿಲ ಕಡೆ ನೋಡಿದಳು. ಸದ್ದು ಕೇಳಿ ಬಾಗಿಲವರೆಗೆ ಬಂದಿದ್ದ ಮಿಷನ್ನಿನವನು ಸರಕ್ಕನೆ ತಿರುಗಿ, ಆಗಲೇ ಒರೆಸಿದ್ದ ಮಿಷನ್ನನ್ನು ಮತ್ತೆ ಒರೆಸತೊಡಗಿದ.

ಮೇಷ್ಟ್ರಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು. ಇಷ್ಟು ದಿನ ನಾನು ಕಣ್ಣು ಕಾಣುವವನಂತೆ ನಟಿಸಿದೆ, ಇವರು ನಂಬಿದಂತೆ ನಟಿಸಿದರು. ಬಾಯಿಗೆ ಬಂದದ್ದನ್ನು ಅಂದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಹಾಳೆ ಇನ್ನೂ ಕೈಯಲ್ಲೇ ಇತ್ತು. ಅದರಲ್ಲಿ ಮಿಕ್ಕಿದ್ದು ಸರಿಯಿದೆಯೋ ಇಲ್ಲವೋ, ಅದೂ ತನಗೆ ತಿಳಿಯದು.

ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ಎಳೆದು ಮೇಜಿನ ಪಕ್ಕಕ್ಕೆ ಹಾಕಿದರು. ಹಾಳೆಯನ್ನು ಅವಳ ಕೈಗಿತ್ತು ತಾವು ಕುರ್ಚಿಯಲ್ಲಿ ಕೂತರು.

"ಕೂತ್ಕೊ. ಮೊದಲಿಂದ ಓದು, ಜೋರಾಗಿ. ಒತ್ತಿ ಹೇಳೋ ಅಕ್ಷರಾನ ಒತ್ತಿ ಹೇಳು."

"ಬಾಗಿಲು ಹಾಕ್ಲಾ ಮೇಷ್ಟ್ರೇ? ಆಚೆ ಎಲ್ಲಾ ಕೇಳ್ಸತ್ತೆ."

"ತೆಗೆದೇ ಇರ್ಲಿ."

ಅವಳು ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಓದಿದಳು. ಮೇಷ್ಟ್ರು ಕನ್ನಡಕ ತೆಗೆದು ಮಡಚಿಟ್ಟು, ಕಣ್ಣು ಮುಚ್ಚಿಕೊಂಡು ಕೇಳತೊಡಗಿದರು.