ಉಳಿಕೆ ಡಬ್ಬಿ

ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಕಿವಿ ಮೇಸ್ತ್ರಿ. ಇನ್ನೂರು ಮಷೀನುಗಳು ಒಟ್ಟಿಗೆ ಗಡಗುಟ್ಟುವ ಹಾಲಿನ ಬಾಗಿಲಲ್ಲಿ ನಿಂತು, "ಮೂರನೇ ಸಾಲು, ಗೋಡೆ ಕಡೆಯಿಂದ ಐದನೇದು, ಸೂಜಿ ಬಾಗಿದೆ" ಅನ್ನುತ್ತಿದ್ದ. ಹೋಗಿ ನೋಡಿದರೆ ಬಾಗಿರುತ್ತಿತ್ತು. ಅಂಥ ಕಿವಿಗೆ ಈಗ ಎಂಟು ದಿನದಿಂದ ಮನೆಯಲ್ಲಿ ಒಂದೇ ಸದ್ದು, ಮಗಳ ಕೆಮ್ಮು.

ಮಗಳಿಗೆ ಒಂಬತ್ತು ವರ್ಷ. ಗುಬ್ಬಿ ಅಂತ ಕರೆಯುತ್ತಿದ್ದರೂ ಕೆಮ್ಮುವಾಗ ಮಾತ್ರ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಕೆಮ್ಮುತ್ತಿದ್ದಳು. ಎರಡು ದಿನ ಇದ್ದ ಜ್ವರ ಇಳಿದಿತ್ತು, ಮೂಗು ಸೋರುವುದೂ ನಿಂತಿತ್ತು. ಕೆಮ್ಮೊಂದು ಮಾತ್ರ ಬಾಡಿಗೆ ಮನೆ ಬಿಡದ ಹಳೇ ಬಾಡಿಗೆದಾರನ ಹಾಗೆ ಕೂತಿತ್ತು. ಅವಳು ಒಂದು ಸಲ ಕೆಮ್ಮಿದರೆ ಅಪ್ಪ ಎದ್ದು ನಿಲ್ಲುತ್ತಿದ್ದ, ಎರಡು ಸಲ ಕೆಮ್ಮಿದರೆ ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಿದ್ದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಗುರುವಾರ ರಜೆ ಹಾಕಿ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಡತಿಯೂ ಅರ್ಧ ದಿನ ಕೇಳಿಕೊಂಡು ಜೊತೆಗೆ ಬಂದಳು. ಡಾಕ್ಟರಮ್ಮ ಗಂಟಲು ನೋಡಿದರು, ಕಿವಿ ನೋಡಿದರು, ಎದೆಗೆ ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ಹುಡುಗಿಯ ಅಂಗಿ ಮೇಲಕ್ಕೆತ್ತಿ, ಕೈಗಡಿಯಾರ ನೋಡುತ್ತಾ ಒಂದು ಇಡೀ ನಿಮಿಷ ಸುಮ್ಮನೆ ಕೂತರು. ಮೇಸ್ತ್ರಿಗೆ ಆ ಒಂದು ನಿಮಿಷ ಒಂದು ಪಾಳಿಯಷ್ಟು ಉದ್ದವಾಯಿತು.

"ಉಸಿರು ಇಪ್ಪತ್ತೆರಡು. ಎದೆ ಸ್ವಚ್ಛವಾಗಿದೆ," ಅಂದರು. "ಇದು ವೈರಸ್ಸಿನ ನೆಗಡಿ. ಬಾಲದ ಹಾಗೆ ಕೆಮ್ಮು ಉಳ್ಕೊಂಡಿದೆ. ಎರಡು ಮೂರು ವಾರ ಹೀಗೇ ಇರಬಹುದು. ಬಿಸಿನೀರು ಕೊಡಿ, ಮಲಗುವಾಗ ಒಂದು ಚಮಚ ಜೇನುತುಪ್ಪ ಕೊಡಿ."

"ಆಂಟಿಬಯೋಟಿಕ್ ಬರೀಲಿಲ್ಲ."

"ಬೇಡ. ಅದು ಹೊಡೆಯೋದು ಬ್ಯಾಕ್ಟೀರಿಯಾನ. ವೈರಸ್ಸಿನ ತಂಟೆಗೆ ಹೋಗಲ್ಲ."

"ಕಫ ಹಸಿರಾಗಿದೆ ಡಾಕ್ಟರಮ್ಮ."

"ಹಸಿರಾದರೂ ಅಷ್ಟೆ, ಹಳದಿಯಾದರೂ ಅಷ್ಟೆ. ಬಣ್ಣ ನೋಡಿ ಕೊಡೋಕೆ ನಂದು ಬಟ್ಟೆ ಅಂಗಡಿ ಅಲ್ಲ."

ಗುಬ್ಬಿ ಕಿಸಕ್ಕನೆ ನಕ್ಕಳು, ನಕ್ಕದ್ದಕ್ಕೆ ಕೆಮ್ಮು ಬಂತು. ಮೇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದ.

"ಇರಲಿ ಅಂತ ಕೊಟ್ಟರೆ ಏನು ನಷ್ಟ ಅಂತೀನಿ."

"ಹೊಟ್ಟೆ ಕೆಡಬಹುದು, ಮೈಮೇಲೆ ದದ್ದು ಏಳಬಹುದು. ಅದು ಹಾಗಿರಲಿ. ಸುಮ್ಸುಮ್ನೆ ಕೊಡ್ತಾ ಹೋದರೆ ಕ್ರಿಮಿಗಳು ಅದಕ್ಕೆ ಪಳಗ್ತವೆ. ನಿಜವಾಗಿ ಬೇಕಾದ ದಿನ ಔಷಧಿ ಸೋಲುತ್ತೆ." ಡಾಕ್ಟರಮ್ಮ ಚೀಟಿಯನ್ನು ಅವನ ಕೈಗಿಡದೆ ಹೆಂಡತಿಯ ಕೈಗಿಟ್ಟರು. "ಕೆಮ್ಮಿನ ಸದ್ದು ಕೇಳಬೇಡಿ, ಉಸಿರು ಎಣಿಸಿ. ನಿಮಿಷಕ್ಕೆ ಮೂವತ್ತು ದಾಟಿದರೆ, ಬಿಟ್ಟ ಜ್ವರ ಮತ್ತೆ ಬಂದರೆ, ಊಟ ನೀರು ಬಿಟ್ಟು ಮಂಕಾಗಿ ಕೂತರೆ, ನನ್ನ ಕೇಳೋಕೆ ಕಾಯಬೇಡಿ, ಎತ್ತಿಕೊಂಡು ಬನ್ನಿ."

ದಾರಿಯುದ್ದಕ್ಕೂ ಮೇಸ್ತ್ರಿ ಗೊಣಗಿದ. "ಬರಿಗೈಲಿ ಕಳಿಸಿದ್ರಲ್ಲ."

"ಬರಿಗೈ ಏನ್ರೀ, ಬುದ್ಧಿ ಹೇಳಿ ಕಳಿಸಿದ್ದಾರೆ," ಅಂದಳು ಹೆಂಡತಿ. "ಅದು ಭಾರ ಅನ್ನಿಸಿದ್ರೆ ನನಗೆ ಕೊಡಿ, ನಾನು ಹೊರ್ತೀನಿ."

ಮನೆಯಲ್ಲಿ ಅವನ ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವನಿಗಿಂತ ಹದಿನೈದು ವರ್ಷ ದೊಡ್ಡವಳು, ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಅವಳಿಗೂ ಸೋಮವಾರ ಗುಬ್ಬಿಯದೇ ನೆಗಡಿ ಅಂಟಿ, ಎರಡು ದಿನ ಮೈ ಬೆಚ್ಚಗಾಗಿ ಇಳಿದಿತ್ತು. "ಏನಂದ್ರು?" ಅಂತ ಕೇಳಿದಳು. ಎಲ್ಲ ಕೇಳಿಸಿಕೊಂಡು, "ಸರಿ ಬಿಡು, ಮಗು ಹುಷಾರಾದ್ರೆ ಸಾಕು" ಅಂದು ಸೆರಗನ್ನು ಹೆಗಲ ಸುತ್ತ ಬಿಗಿಯಾಗಿ ಎಳೆದುಕೊಂಡಳು. ಅಕ್ಕ ಯಾವತ್ತೂ ಮಾತಿನಲ್ಲಿ ಜಿಪುಣಿ. ಅವಳು ಸುಮ್ಮನಿದ್ದರೆ ಮನೆಯಲ್ಲಿ ಎಲ್ಲ ಸರಿಯಿದೆ ಅಂತಲೇ ಲೆಕ್ಕ.

ಶುಕ್ರವಾರ ಕಾರ್ಖಾನೆಯಲ್ಲಿ ಅವನ ಕೈ ಕೆಲಸದ ಮೇಲಿತ್ತು, ಕಿವಿ ಮನೆಯಲ್ಲಿತ್ತು. ಕಾಲರ್ ಹೊಲಿಯುವವಳು, ಗುಂಡಿ ಹಾಕುವವಳು, ದಾರ ಕತ್ತರಿಸುವವಳು, ಎಲ್ಲರೂ ಅವತ್ತು ಅರ್ಧ ಡಾಕ್ಟರುಗಳೇ. "ನಮ್ಮ ಹುಡುಗನಿಗೆ ಮೂರೇ ಮಾತ್ರೆಗೆ ಬಿಡ್ತು ಮೇಸ್ತ್ರಿ," ಅಂದಳು ಕಾಲರಿನವಳು. "ಎಷ್ಟನೇ ದಿನ ಕೊಟ್ಟೆ?" ಅಂದ. "ಹತ್ತೋ ಹನ್ನೊಂದೋ." "ಹನ್ನೆರಡನೇ ದಿನ ತಾನಾಗೇ ಬಿಡ್ತಿತ್ತು ಕಣೇ," ಅಂದಳು ಗುಂಡಿಯವಳು, ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ.

ಅಷ್ಟರಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಓಡಿ ಬಂದಳು. "ಅಣ್ಣಾ, ನನ್ನ ಮಷೀನು ಕಿರುಚ್ತಾ ಇದೆ, ಸುಟ್ಟೇ ಹೋಗುತ್ತೇನೋ."

"ಕಿರುಚೋ ಮಷೀನು ಸಾಯಲ್ಲ ತಾಯಿ. ಎಣ್ಣೆ ಕೇಳ್ತಿದೆ ಅಷ್ಟೆ," ಅಂದ. ಎರಡು ಹನಿ ಬಿಟ್ಟ. ನಂತರ ಪಕ್ಕದ ಮಷೀನಿನ ಮೋಟರಿಗೆ ಅಂಗೈ ತಿರುಗಿಸಿ ಹಿಂಗೈ ಇಟ್ಟ. "ನೀನು ಹೆದರಬೇಕಾದ್ದು ಇದಕ್ಕೆ. ಸದ್ದಿಲ್ಲ, ಆದರೆ ಕಾದ ಕಾವಲಿ ಆಗಿದೆ. ಸುಮ್ಮನೆ ಓಡೋದನ್ನ ದಿನಕ್ಕೊಂದು ಸಲ ಮುಟ್ಟಿ ನೋಡು." ಹೇಳಿದವನು ಎಣ್ಣೆ ಬುರುಡೆ ಎತ್ತಿಕೊಂಡು ಮುಂದಿನ ಸಾಲಿಗೆ ಹೋದ. ತನ್ನ ಮಾತು ತನ್ನ ಕಿವಿಗೇ ಬೀಳಲಿಲ್ಲ.

ಶನಿವಾರ ಊಟಕ್ಕೆ ಕೂತಾಗ ಅಕ್ಕ ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

"ಯಾಕೆ ಅತ್ತಿಗೆ?" ಅಂದಳು ಹೆಂಡತಿ.

"ಬಾಯಿ ರುಚಿ ಇಲ್ಲ. ಮಧ್ಯಾಹ್ನ ಜಾಸ್ತಿ ತಿಂದೆ."

ಹೆಂಡತಿ ಇನ್ನೇನೋ ಕೇಳುವವಳಿದ್ದಳು. ಗುಬ್ಬಿಗೆ ಕೆಮ್ಮು ಹತ್ತಿತು. ಬೆನ್ನು ಸವರುವವರು ಸವರಿದರು, ನೀರು ತರುವವರು ತಂದರು. ಮೇಸ್ತ್ರಿಯ ತಾಳ್ಮೆಯ ದಾರ ಅಲ್ಲಿಗೆ ಹರಿಯಿತು.

"ಇನ್ನು ಕಾಯಲ್ಲ ನಾನು. ಉಳಿಕೆ ಡಬ್ಬಿಯಲ್ಲಿ ನನ್ನ ಮಾತ್ರೆ ಇದೆ. ಅದನ್ನೇ ಕೊಡ್ತೀನಿ."

ಉಳಿಕೆ ಡಬ್ಬಿಗಳು ಆ ಮನೆಯಲ್ಲಿ ಎರಡಿದ್ದವು. ಬಿಚ್ಚಿದ ಮಷೀನಿನಲ್ಲಿ ಉಳಿದ ತಿರುಪು, ಸ್ಪ್ರಿಂಗು, ವಾಷರ್ ಒಂದರಲ್ಲಿ, ಬಿಟ್ಟ ಕಾಯಿಲೆಯಲ್ಲಿ ಉಳಿದ ಮಾತ್ರೆ ಇನ್ನೊಂದರಲ್ಲಿ. ಉಳಿದದ್ದನ್ನು ಎಸೆದವನು ಮೇಸ್ತ್ರಿಯೇ ಅಲ್ಲ ಅನ್ನುವುದು ಅವನ ಸಿದ್ಧಾಂತ. ಹೋದ ವರ್ಷ ಹಲ್ಲಿನ ಬೇರು ಬಾತು ಕೆನ್ನೆ ಚೆಂಡಾದಾಗ ಹಲ್ಲಿನ ಡಾಕ್ಟರು ದಿನಕ್ಕೆ ಮೂರರಂತೆ ಐದು ದಿನಕ್ಕೆ ಮಾತ್ರೆ ಕೊಟ್ಟಿದ್ದರು. ಮೂರನೇ ದಿನ ಬಾವು ಇಳಿದ ಕೂಡಲೇ ನಿಲ್ಲಿಸಿ, ಉಳಿದ ಆರನ್ನು ಡಬ್ಬಿಗೆ ಸೇರಿಸಿದ್ದ, ಅಕ್ಕನಿಗೂ ಹೆಮ್ಮೆಯಿಂದ ತೋರಿಸಿದ್ದ: "ನೋಡಕ್ಕ, ಇದು ಭಾರೀ ಗಟ್ಟಿ ಮಾತ್ರೆ. ಎಂಥ ಕಾಯಿಲೆಗಾದರೂ ಒಂದು ಸಾಕು."

"ನಿಮ್ಮ ಹಲ್ಲಿನ ಮಾತ್ರೆ ಅವಳ ಕೆಮ್ಮಿಗೆ?" ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಮುಟ್ಟಿ ನೋಡಿ, ಡಬ್ಬಿನೇ ಬೀದಿಗೆ ಹೋಗುತ್ತೆ."

"ಅಕ್ಕ, ನೀನಾದ್ರೂ ಹೇಳು."

ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. "ಡಬ್ಬಿ ತಂಟೆ ಬೇಡ ತಮ್ಮ," ಅಂದಳು. ಇಷ್ಟು ಹೇಳಲು ನಡುವೆ ಒಂದು ಸಲ ಉಸಿರು ತೆಗೆದುಕೊಂಡಳು. ಅಕ್ಕನೂ ಹೆಂಡತಿಯ ಪಕ್ಷ ಸೇರಿದಳು ಅಂತ ಅವನಿಗೆ ಸಿಟ್ಟು ಬಂತು. ಆ ನಡುವಿನ ಉಸಿರು ಅವನಿಗೆ ಕೇಳಿಸಿತ್ತು. ಕೇಳಿಸಿತ್ತು, ಆದರೆ ಒಳಗೆ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ಬಟ್ಟೆ ಒಣಹಾಕಲು ಮಹಡಿಗೆ ಹೋದಳು, ಗುಬ್ಬಿ ಕ್ಲಿಪ್ಪು ಹಿಡಿದುಕೊಂಡು ಅವಳ ಹಿಂದೆ ಹತ್ತಿದಳು. ಮೆಟ್ಟಿಲ ಮೇಲಿಂದ ಕೆಮ್ಮು ಖಣಖಣ ಕೇಳಿಸುತ್ತಿತ್ತು. ಮೇಸ್ತ್ರಿ ಸ್ಟೂಲು ಎಳೆದು, ಅಟ್ಟದ ಮೇಲಿನ ಡಬ್ಬಿ ಇಳಿಸಿದ. ಮಾತ್ರೆಯನ್ನು ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿದರೆ ಹೆಂಡತಿಗೆ ಎಲ್ಲಿ ಗೊತ್ತಾಗುತ್ತದೆ ಅನ್ನುವವರೆಗೆ ಅವನ ಯೋಚನೆ ಹೋಗಿತ್ತು.

ಮಾತ್ರೆಯ ಪಟ್ಟಿ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ಎರಡೇ.

ತಿರುಗಿಸಿ ನೋಡಿದ. ಹಳೆಯ ತೂತುಗಳ ಅಂಚಿನ ತಗಡು ಮಾಸಿತ್ತು. ನಾಲ್ಕು ತೂತುಗಳು ಮಾತ್ರ ಫಳಫಳ ಹೊಳೆಯುತ್ತಿದ್ದವು. ಹೆಂಡತಿ ಎಸೆಯುವವಳಾದರೆ ಪಟ್ಟಿಯನ್ನೇ ಎಸೆಯುತ್ತಿದ್ದಳು. ಗುಬ್ಬಿಗೆ ಅಟ್ಟ ಎಟುಕುವುದಿಲ್ಲ.

ಪಟ್ಟಿ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋದ. ಹೊರಗೆ ಸುಡುವ ಬಿಸಿಲು, ಅಕ್ಕ ಮಾತ್ರ ಕಂಬಳಿ ಹೊದ್ದು ಕೂತಿದ್ದಳು.

"ಅಕ್ಕ, ಇದನ್ನ ನೀನು ತಗೊಂಡ್ಯಾ?"

ಅವಳು ಕಣ್ಣು ತೆರೆದು ಪಟ್ಟಿಯನ್ನು ನೋಡಿದಳು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ. "ಗುರುವಾರದಿಂದ... ದಿನಕ್ಕೊಂದು. ನೀನೇ ಹೇಳಿದ್ಯಲ್ಲ, ಗಟ್ಟಿ ಮಾತ್ರೆ ಅಂತ. ಮತ್ತೆ ಚಳಿ ಜ್ವರ ಬಂತು."

"ನನಗ್ಯಾಕೆ ಹೇಳಲಿಲ್ಲ?"

"ಮಗು ಅಷ್ಟು ಕೆಮ್ತಾ ಇತ್ತು. ನನಗೆ ಕೆಮ್ಮು ಅಂಥಾದ್ದೇನಿಲ್ಲ." ಮತ್ತೆ ನಿಂತು ಉಸಿರು ಎಳೆದುಕೊಂಡಳು. "ಈ ಪಕ್ಕೆ ಒಂದು ಚುಚ್ಚುತ್ತೆ. ಅಮ್ಮ ಇನ್ನೂ ಬರಲಿಲ್ವೇನೋ ಪೇಟೆಯಿಂದ?"

ಅಮ್ಮ ಹೋಗಿ ನಲವತ್ತು ವರ್ಷವಾಗಿತ್ತು.

ಮೇಸ್ತ್ರಿಯ ಕೈ ತಾನಾಗಿ ತಿರುಗಿತು, ಹಿಂಗೈ ಅವಳ ಕತ್ತಿಗೆ ಹೋಯಿತು. ಮೋಟರಿಗೆ ಇಟ್ಟ ಹಾಗೆಯೇ ಇಟ್ಟ, ಹಾಗೆಯೇ ಸುಟ್ಟಿತು. ನೆಲದ ಮೇಲೆ ಕೂತು ಕೈಗಡಿಯಾರ ಬಿಚ್ಚಿ ಅವಳ ಮಂಡಿಯ ಮೇಲಿಟ್ಟ. ಕಂಬಳಿ ಏಳುವುದನ್ನೂ ಇಳಿಯುವುದನ್ನೂ ಎಣಿಸತೊಡಗಿದ. ಸದ್ದೇ ಇರಲಿಲ್ಲ. ಇನ್ನೂರು ಮಷೀನಿನಲ್ಲಿ ಒಂದು ಬಾಗಿದ ಸೂಜಿಯನ್ನು ಹೆಕ್ಕುವ ಕಿವಿಗೆ ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಕಣ್ಣಿನಲ್ಲೇ ಎಣಿಸಬೇಕಾಯಿತು. ಮೂವತ್ತಕ್ಕೆ ಬಂದಾಗ ಮುಳ್ಳು ಇನ್ನೂ ಮುಕ್ಕಾಲು ಸುತ್ತಿನಲ್ಲಿತ್ತು. ಸುತ್ತು ಮುಗಿದಾಗ ಮೂವತ್ತೆಂಟು.

ಹೆಂಡತಿಯನ್ನು ಕರೆದ. ಅವನ ದನಿಗೇ ಅವಳು ಒದ್ದೆ ಬಟ್ಟೆ ಬಿಟ್ಟು ಓಡಿ ಬಂದಳು. ಅವನು ಬಾಡಿಗೆ ಕಾರು ತರುವಷ್ಟರಲ್ಲಿ ಅವಳು ಅತ್ತಿಗೆಗೆ ಚಪ್ಪಲಿ ತೊಡಿಸಿದ್ದಳು. ಭಾನುವಾರ ಡಾಕ್ಟರಮ್ಮ ಮಧ್ಯಾಹ್ನದವರೆಗೆ ಇರುತ್ತಿದ್ದರು. ಅಕ್ಕನ ಬೆರಳಿಗೆ ಸಣ್ಣ ಯಂತ್ರ ಸಿಕ್ಕಿಸಿ ಅಂಕಿ ನೋಡಿದರು, ಬೆನ್ನಿಗೆ ಕೊಳವೆ ಇಟ್ಟರು, ಎಡಗಡೆ ಕೆಳಗೆ ಇಟ್ಟದ್ದನ್ನು ಬಹಳ ಹೊತ್ತು ತೆಗೆಯಲಿಲ್ಲ.

"ನ್ಯುಮೋನಿಯಾ ಇದ್ದ ಹಾಗಿದೆ. ನೆಗಡಿ ಬಂದು ಹೋದ ದಾರಿಯಲ್ಲೇ ಬ್ಯಾಕ್ಟೀರಿಯಾ ನುಗ್ಗಿದೆ. ದೊಡ್ಡ ಆಸ್ಪತ್ರೆಗೆ ಈಗಲೇ ಹೋಗಿ, ನಾನು ಫೋನು ಮಾಡ್ತೀನಿ," ಅಂದರು. "ಏನಾದರೂ ಔಷಧಿ ತಗೊಂಡಿದ್ದಾರಾ?"

ಮೇಸ್ತ್ರಿ ಜೇಬಿನಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. "ದಿನಕ್ಕೊಂದರ ಹಾಗೆ ನಾಲ್ಕು. ನಾನು ಉಳಿಸಿಟ್ಟಿದ್ದು. ತಪ್ಪು ನನ್ನದು."

ಡಾಕ್ಟರಮ್ಮ ಬೈಯುತ್ತಾರೆ ಅಂದುಕೊಂಡಿದ್ದ. ಅವರು ಮಾತ್ರೆಯ ಹೆಸರನ್ನೂ ಲೆಕ್ಕವನ್ನೂ ಚೀಟಿಯಲ್ಲಿ ಬರೆದರು. "ಇದು ಅಲ್ಲಿ ಹೇಳಲೇಬೇಕಾದ ವಿಷಯ. ಅರ್ಧಂಬರ್ಧ ನುಂಗಿದ್ದು ವಾಸಿ ಮಾಡಲಿಲ್ಲ. ಜ್ವರಕ್ಕೆ ಮುಸುಕು ಹಾಕಿರಲೂಬಹುದು. ಗುರುವಾರ ಮಗುಗೆ ಬೇಡ ಅಂದೆನಲ್ಲ, ಅದೇ ಔಷಧಿ ಇವರಿಗೆ ಬೇಕೇ ಬೇಕು. ಪೂರ್ತಿ ಪ್ರಮಾಣದಲ್ಲಿ, ಈ ಹೊತ್ತಿನಿಂದಲೇ. ನಡೀರಿ."

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿ, ಕೈಯ ನರಕ್ಕೆ ಆಂಟಿಬಯೋಟಿಕ್ ಬಿಟ್ಟರು. "ಎರಡು ದಿನ ಏನೂ ಹೇಳೋಕಾಗಲ್ಲ" ಅಂದರು. ಆ ಎರಡು ದಿನ ಮೇಸ್ತ್ರಿ ವಾರ್ಡಿನ ಕಾರಿಡಾರನ್ನು ಸವೆಸಿದ. ಸುತ್ತಲೂ ಎಷ್ಟೊಂದು ಸದ್ದು, ತಳ್ಳುಗಾಡಿಯ ಚಕ್ರ, ಯಾರದೋ ನರಳಾಟ, ಎದುರು ಹಾಸಿಗೆಯ ಮುದುಕನ ಕೆಮ್ಮು. ಒಂದೊಂದಕ್ಕೂ ಅವನ ಕತ್ತು ಆ ಕಡೆ ತಿರುಗುತ್ತಿತ್ತು. ತಿರುಗಿದ ಕತ್ತನ್ನು ಎಳೆದು ತಂದು ಮತ್ತೆ ಅಕ್ಕನ ಕಂಬಳಿಯ ಮೇಲೆ ಕಣ್ಣಿಡುತ್ತಿದ್ದ. ಮೂವತ್ತಾರು. ಮೂವತ್ತೇಳು. ಮತ್ತೆ ಮೂವತ್ತಾರು. ಎಣಿಸಿದ್ದನ್ನೇ ಎಣಿಸುವುದನ್ನು ನೋಡಿ ನರ್ಸು, "ನಾವೂ ಎಣಿಸ್ತೀವಿ ಅಣ್ಣಾ, ಸ್ವಲ್ಪ ಕೂತ್ಕೊಳ್ಳಿ," ಅಂದಳು. "ಕೂತೇ ಎಣಿಸ್ತೀನಿ," ಅಂದ, ಕೂರಲಿಲ್ಲ.

ಮಂಗಳವಾರ ಸಂಜೆಗೆ ಮೂವತ್ತು. ಬುಧವಾರ ಬೆಳಿಗ್ಗೆ ಇಪ್ಪತ್ತಾರು. ಅಕ್ಕ ಕಣ್ಣು ತೆರೆದು, "ಹೀಗೆ ನೋಡ್ತಾ ಕೂತ್ರೆ ದೃಷ್ಟಿ ತಗಲುತ್ತೆ ಕಣೋ. ಕೆಲಸ ಇಲ್ವಾ ನಿನಗೆ?" ಅಂದಳು. ಅವನು ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ನಿಂತ.

ಶುಕ್ರವಾರ ಮನೆಗೆ ಕಳಿಸಿದರು, ಇನ್ನೂ ಮೂರು ದಿನಕ್ಕೆ ಮಾತ್ರೆ ಕೊಟ್ಟು. ಭಾನುವಾರಕ್ಕೆ ಅಕ್ಕ ಎದ್ದು ಓಡಾಡುವ ಹಾಗಾದಳು. ಕೊನೆಯ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, "ಈಗ ಗುಂಡುಕಲ್ಲಿನ ಹಾಗಿದ್ದೀನಿ. ಇದೊಂದು ಇರಲಿ ತಮ್ಮ, ಎತ್ತಿಡು," ಅಂದಳು.

"ಎತ್ತಿಡೋಕೆ ಡಬ್ಬಿ ಇಲ್ಲ ಅತ್ತಿಗೆ," ಹೆಂಡತಿ ಒಳಗಿನಿಂದ ಕೂಗಿದಳು. "ಇದ್ದಬದ್ದ ಮಾತ್ರೇನೆಲ್ಲ ಔಷಧಿ ಅಂಗಡಿಗೆ ಒಪ್ಪಿಸಿ ಬಂದೆ. ಖಾಲಿ ಡಬ್ಬಿಲಿ ಈಗ ಗುಬ್ಬಿ ಬಳಪ ಇಟ್ಕೊಂಡಿದ್ದಾಳೆ."

ಮೇಸ್ತ್ರಿ ನೀರಿನ ಲೋಟ ಹಿಡಿದು ಮುಂದೆ ನಿಂತ. "ನುಂಗಕ್ಕ."

ನುಂಗಿದಳು.

"ಬಾಯಿ ತೆರಿ ನೋಡೋಣ."

"ಎಲಾ ಇವನ. ಹರಳೆಣ್ಣೆ ಕುಡಿಸಿ ನಿನ್ನ ಬಾಯಿ ತೆರೆಸಿದವಳು ನಾನು," ಅಂದಳು, ಆದರೂ ತೆರೆದಳು.

ಆಗ ಪಕ್ಕದ ಕೋಣೆಯಲ್ಲಿ ಗುಬ್ಬಿ ಕೆಮ್ಮಿದಳು. ಹದಿನೆಂಟನೇ ದಿನದ ಕೆಮ್ಮು, ಸವೆದು ಸಣ್ಣದಾದದ್ದು. ಮೇಸ್ತ್ರಿಯ ಕಾಲು ಅಭ್ಯಾಸಬಲದಿಂದ ಬಾಗಿಲವರೆಗೆ ಹೋಯಿತು. ಅವಳು ನೆಲದ ಮೇಲೆ ಬೋರಲು ಮಲಗಿ ಗೋಡೆಗೆ ಕಾಲು ಬಡಿಯುತ್ತಾ ಚಿತ್ರ ಬರೆಯುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತು ಗಡಿಯಾರ ತೆಗೆದು, ಅವಳ ಬೆನ್ನು ಏಳುವುದನ್ನೂ ಇಳಿಯುವುದನ್ನೂ ನೋಡಿದ. ಇಪ್ಪತ್ತು. ಸಮಾಧಾನವಾಗಲಿಲ್ಲ, ಇನ್ನೊಂದು ನಿಮಿಷ ಎಣಿಸಿದ. ಮತ್ತೆ ಇಪ್ಪತ್ತೇ. ತಿರುಗಿ ಬಂದು ಅಕ್ಕನ ಎದುರು ಕೂತ.

"ಮತ್ತೆ ನನ್ನ ಸರದಿಯೇನೋ?" ಅಂದಳು ಅಕ್ಕ.

"ಮಾತಾಡಬೇಡ," ಅಂದ, "ಲೆಕ್ಕ ತಪ್ಪುತ್ತೆ."