ಎಂಟನೆಯ ಪಟ್ಟಿ

ಈನಿಡ್ ಕಪ್ಪು ಬಾವುಟಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಕ್ಲೆಮ್ ಹಿಂಬಾಗಿಲಿನಿಂದಲೇ ಅಡುಗೆಮನೆಗೆ ಬಂದ. ಎದೆಯ ತುಂಬ ಪದಕ, ಕೈಯಲ್ಲಿ ಕೋಲು. ಹನ್ನೊಂದಕ್ಕೆ ಅವಳಪ್ಪ ಪರ್ಸಿಯನ್ನು ಮಣ್ಣು ಮಾಡುವುದಿತ್ತು.

ಯುದ್ಧಕಾಲದಲ್ಲಿ 'ಟೆಂಡ್ರಿಲ್' ಎಂಬ ಜಲಾಂತರ್ಗಾಮಿಯಲ್ಲಿ ಪರ್ಸಿ ಸಂದೇಶ ನೋಡಿಕೊಳ್ಳುತ್ತಿದ್ದ, ಕ್ಲೆಮ್ ಟಾರ್ಪಿಡೊ ಹಾರಿಸುತ್ತಿದ್ದ. 1946ರಲ್ಲಿ ಅದು ಗುಜರಿಗೆ ಹೋಯಿತು. ಉಳಿದದ್ದು, ಗೆದ್ದು ಬಂದರಿಗೆ ಮರಳುವಾಗ ಅದು ಏರಿಸುತ್ತಿದ್ದ ಈ ಬಾವುಟ ಮಾತ್ರ. ಐವತ್ತು ವರ್ಷದಿಂದ ಪರ್ಸಿಯ ಪೆಟ್ಟಿಗೆಯಲ್ಲಿತ್ತು. ಮುಳುಗಿಸಿದ ಒಂದೊಂದು ಹಡಗಿಗೂ ಬಾವುಟದ ತಲೆಬುರುಡೆ ಚಿತ್ರದ ಕೆಳಗೆ ಒಂದೊಂದು ಬಿಳಿ ಪಟ್ಟಿ, ಎಲ್ಲ ಪರ್ಸಿಯೇ ಹೊಲಿದದ್ದು.

ಕ್ಲೆಮ್ ಪಟ್ಟಿಗಳ ಮೇಲೆ ಬೆರಳಾಡಿಸಿದ. "ಏಳೇ ಇದೆಯಲ್ಲೇ ಹುಡುಗಿ. ಎಂಟನೇದು ಎಲ್ಲಿ?"

"ನುಸಿ ತಿಂದಿತ್ತು, ಅಂಕಲ್."

"ಭಲೇ ಶಿಸ್ತಿನ ನುಸಿ. ಒಂದೇ ಒಂದು ಪಟ್ಟಿ ಅಚ್ಚುಕಟ್ಟಾಗಿ ತಿಂದು ಹೋಗಿದೆ."

ಈನಿಡ್ ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ಸಾಯುವ ಮುಂಚೆ ಅಪ್ಪ ಎಲ್ಲವನ್ನೂ ಹೇಳಿ, ಕೊನೆಗೆ ಕೇಳಿಕೊಂಡದ್ದು ಒಂದೇ ಮಾತು: "ಕ್ಲೆಮ್‌ಗೆ ಮಾತ್ರ ಗೊತ್ತಾಗಬಾರದು."

* * *

1942ರ ಚಳಿಗಾಲ. ಎಂಟು ಪಟ್ಟಿಯ ಬಾವುಟ ಏರಿಸಿಕೊಂಡು ಟೆಂಡ್ರಿಲ್ ಮಾಲ್ಟಾ ಬಂದರಿಗೆ ಬಂದಿತ್ತು. ಮೂರನೆಯ ದಿನ ಪರ್ಸಿಯ ಕೈಗೆ ಸಂದೇಶವೊಂದು ಸಿಕ್ಕಿತು. ಎಂಟನೆಯ ಹಡಗಿನ ಒಡಲಲ್ಲಿ ಇದ್ದವರು ಶತ್ರುಗಳಿಗೆ ಸೆರೆಸಿಕ್ಕ ನಮ್ಮ ಸೈನಿಕರೇ. ಮುನ್ನೂರು ಜನ.

ಕ್ಯಾಪ್ಟನ್ ಅದನ್ನು ಓದಿ ಸುಟ್ಟುಹಾಕಿದ. "ಇದು ನಮ್ಮಿಬ್ಬರಲ್ಲೇ ಇರಲಿ. ಹಾರಿಸಿದವನಿಗೆ ಗೊತ್ತಾದರೆ ಆ ಹುಡುಗ ಉಳಿಯೋದಿಲ್ಲ."

ಆ ಮಧ್ಯಾಹ್ನ ಕ್ಲೆಮ್ ತನ್ನ ಪಾಲಿನ ರಮ್ಮನ್ನು ಪರ್ಸಿಯ ಮುಂದೆ ಹಿಡಿದ. "ಎಂಟನೇದನ್ನ ಸೊಗಸಾಗಿ ಹೊಲಿದಿದ್ದೀಯ ಕಣೋ. ಕುಡಿ."

ಪರ್ಸಿ ಕುಡಿದ. ಕಣ್ಣು ತುಂಬಿತು. ರಮ್ ಖಾರ ಎಂದ.

ಯುದ್ಧ ಮುಗಿದು ಬಾವುಟ ಮನೆಗೆ ತಂದ ದಿನವೇ ಅವನು ಆ ಪಟ್ಟಿಯನ್ನು ಬಿಚ್ಚಿ ಒಲೆಗೆ ಹಾಕಿದ್ದ.

* * *

"ನಮ್ಮ ಹಳೇ ನಾವಿಕರ ಕ್ಲಬ್ಬಿನ ಮುದುಕರೆಲ್ಲ ಬರ್ತಾರೆ," ಎಂದ ಕ್ಲೆಮ್. "ಅಲ್ಲಿ ಗೋಡೆ ಮೇಲಿರೋ ಈ ಬಾವುಟದ ಫೋಟೋದಲ್ಲಿ ಎಂಟಿದೆ. ಕೇಳದೆ ಬಿಡ್ತಾರಾ? ಹೊಲಿದುಬಿಡು."

ಹೊಲಿದರೆ ಅಪ್ಪ ಕಿತ್ತದ್ದನ್ನು ಅವನ ಶವಪೆಟ್ಟಿಗೆಯ ಮೇಲೇ ಹೊದಿಸಿದಂತೆ. ಹೊಲಿಯದಿದ್ದರೆ ಈ ಮುದುಕನಿಗೆ ಕಾರಣ ಹೇಳಬೇಕು. ಅಪ್ಪನ ಮೇಲೆ ಅವಳಿಗೆ ಸಿಟ್ಟೇ ಬಂತು. ತಾನು ಹೊತ್ತದ್ದನ್ನು ಹೋಗುವಾಗ ಮಗಳ ತಲೆಗೆ ಕಟ್ಟಿ ಹೋಗಿದ್ದ. ಹಳೆಯ ದಿಂಬಿನ ಚೀಲ ಕತ್ತರಿಸಿ, ಹಳೆಯ ಸೂಜಿತೂತುಗಳ ಮೇಲೇ ಹೊಲಿಯತೊಡಗಿದಳು.

"ತೀರಾ ಗಟ್ಟಿಯಾಗಿ ಬೇಡ," ಎಂದ ಕ್ಲೆಮ್ ಚಹಾ ಕುಡಿಯುತ್ತ. "ಇವತ್ತೊಂದಿನ ನಿಂತ್ರೆ ಸಾಕು."

ಸ್ಮಶಾನದಲ್ಲಿ ಕ್ಲಬ್ಬಿನವರು ಎಂಟು ಪಟ್ಟಿಗೂ ಸೆಲ್ಯೂಟ್ ಹೊಡೆದರು. ಪೆಟ್ಟಿಗೆಯನ್ನು ಗುಂಡಿಗಿಳಿಸುವ ಮುಂಚೆ ಕ್ಲೆಮ್ ಬಾವುಟ ತೆಗೆದುಕೊಂಡ. ಜನ ಚದುರಿದ ಮೇಲೆ ಮರದ ಬೆಂಚಿನಲ್ಲಿ ಕೂತು, ಎಂಟನೆಯ ಪಟ್ಟಿಯ ದಾರವನ್ನು ಹೆಬ್ಬೆರಳ ಉಗುರಿನಿಂದ ಒಂದೊಂದೇ ಕಿತ್ತ.

ಈನಿಡ್ ಹತ್ತಿರ ಬಂದು ನಿಂತಳು. "ಅಂಕಲ್, ನಿಮಗೆ..."

"ರಮ್ಮಿಗೆ ಅಳೋ ಆಸಾಮಿಯಾ ನಿಮ್ಮಪ್ಪ? ಅವತ್ತೇ ಕ್ಯಾಪ್ಟನ್ ಹತ್ರ ಹೋಗಿ ಬಾಯಿ ಬಿಡಿಸಿದೆ." ಅವನು ತಲೆ ಎತ್ತಲಿಲ್ಲ. "ನನ್ನನ್ನ ಉಳಿಸಿದೀನಿ ಅನ್ನೋ ಸಮಾಧಾನ ಅವನಿಗಿತ್ತು. ಅದನ್ನ ಯಾಕೆ ಕಿತ್ಕೊಳ್ಳಲಿ ಅಂತ ಸುಮ್ಮನಿದ್ದೆ."

ಏಳು ಪಟ್ಟಿಯ ಬಾವುಟವನ್ನು ಮಡಚಿ ಅವಳ ಕೈಗಿಟ್ಟ.

"ಇದು ನಂದು," ಎಂದು ಬಿಳಿ ಪಟ್ಟಿಯನ್ನು ಪದಕಗಳ ಹಿಂದಿನ ಒಳಜೇಬಿಗಿಟ್ಟು, ಕೋಟಿನ ಗುಂಡಿ ಹಾಕಿಕೊಂಡ.